ಬಾರ್ ಗೆರೆ ದಾಟುವ ಸ್ವರ: ಮ್ಯೂಸ್‌ಸ್ಕೋರ್ ಬಳಸಿದ ಅನುಭವ

ಶನಿವಾರ ಸಂಜೆಯ ಪ್ರಾಕ್ಟೀಸ್‌ನಲ್ಲಿ ನಮ್ಮ ಕ್ವಾಯರ್‌ನ ಆಲ್ಟೊ ಸಾಲಿನ, ಅಂದರೆ ಹೆಣ್ಣುದನಿಗಳಲ್ಲಿ ತಗ್ಗಿನ ಸಾಲಿನ, ಆರು ಮಂದಿಯೂ ಒಂದೇ ಸ್ವರವನ್ನು ಎರಡು ಸಲ ಹಾಡಿದರು. ಉದ್ದಕ್ಕೆ ಎಳೆಯಬೇಕಿದ್ದ ಜಾಗ ಅದು. ಒಂದು ಬಾರ್‌ನ, ಅಂದರೆ ನೊಟೇಶನ್‌ನಲ್ಲಿ ಒಂದು ನಿಂತ ಗೆರೆಯಿಂದ ಇನ್ನೊಂದರವರೆಗಿನ ಭಾಗದ, ಕೊನೆಯಲ್ಲಿ ಶುರುವಾಗಿ ಮುಂದಿನ ಬಾರ್‌ನ ಒಳಗೆ ಹೋಗಿ ನಿಲ್ಲಬೇಕು. ನಡುವೆ ಉಸಿರೂ ಇಲ್ಲ, ಒತ್ತೂ ಇಲ್ಲ. ಇವರು ಬಾರ್ ಗೆರೆ ಬಂದ ಕೂಡಲೇ ಮತ್ತೊಮ್ಮೆ ತಟ್ಟಿ ಹಾಡಿದರು, ಆರೂ ಜನ ಒಟ್ಟಿಗೆ, ಅದೂ ಅಷ್ಟು ಖಚಿತವಾಗಿ. ಆಗಲೇ ಗೊತ್ತಾಯಿತು, ತಪ್ಪು ಹಾಡುವವರ ಕಡೆ ಇಲ್ಲ, ಬರೆದವನ ಕಡೆ ಇದೆ. ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ಮ್ಯೂಸ್‌ಸ್ಕೋರ್ ಎಂಬ ನೊಟೇಶನ್ ಬರೆಯುವ ಸಾಫ್ಟ್‌ವೇರ್ ತೆರೆದು, ಆ ಎರಡು ಸ್ವರಗಳ ನಡುವೆ ನಾನು ಹಾಕಿದ್ದ ಬಾಗಿದ ಗೆರೆಯ ಮೇಲೆ ಕ್ಲಿಕ್ ಮಾಡಿದೆ. ಕೆಳಗಿನ ಪಟ್ಟಿಯಲ್ಲಿ ಸ್ಲರ್ ಎಂದು ಬಂತು. ಟೈ ಹಾಕಬೇಕಾದ ಕಡೆ ನಾನು ಸ್ಲರ್ ಹಾಕಿದ್ದೆ.

ಕಾಗದದ ಮೇಲೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಹಾಗಾಗಿ ಪ್ರಿಂಟ್ ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಮ್ಮಲ್ಲಿ ಅರ್ಧಕ್ಕರ್ಧ ಜನ ನೊಟೇಶನ್ ಓದುವುದಿಲ್ಲ, ನಾನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಎಂಪಿ3 ಕೇಳಿಯೇ ಕಲಿಯುತ್ತಾರೆ. ಆ ಫೈಲು ಮ್ಯೂಸ್‌ಸ್ಕೋರ್‌ನಿಂದಲೇ ಬರುವುದು, ಪಿಯಾನೊ ಸದ್ದಿನಲ್ಲಿ. ಸ್ಲರ್ ಇದ್ದರೆ ಸಾಫ್ಟ್‌ವೇರ್ ಎರಡು ಸ್ವರ ಎಂದೇ ತಿಳಿದು ಎರಡು ಸಲ ನುಡಿಸುತ್ತದೆ. ಟೈ ಇದ್ದರೆ ಒಂದೇ ಸ್ವರ ಎಂದು ತಿಳಿದು ಒಮ್ಮೆ ಒತ್ತಿ ಹಿಡಿದುಕೊಳ್ಳುತ್ತದೆ. ಅವರು ಕೇಳಿದ್ದನ್ನೇ ಹಾಡಿದ್ದರು, ಪಾಪ.

ಆ ದಿನದಿಂದ ನಾನು ಈ ಸಾಫ್ಟ್‌ವೇರ್‌ನಲ್ಲಿ ಅವಧಿ ಮತ್ತು ಟೈ, ಇವೆರಡನ್ನು ಮಾತ್ರ ಹಿಡಿದು ಸರಿಯಾಗಿ ಕಲಿತೆ. ಆ ಅನುಭವವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮ್ಯೂಸ್‌ಸ್ಕೋರ್ ಬಗ್ಗೆ ಬರೆಯುವವರು ಅದರ ಸದ್ದು ಚೆಂದ, ಪುಟ ಚೆಂದ, ದುಡ್ಡು ಕೊಡಬೇಕಿಲ್ಲ ಎಂದೆಲ್ಲ ಬರೆಯುತ್ತಾರೆ. ಎಲ್ಲ ನಿಜ. ಆದರೆ ದಿನಾ ಕುಳಿತು ಬರೆಯುವವನಿಗೆ ಮುಖ್ಯ ಆಗುವುದು ಬೇರೆಯೇ: ಒಂದು ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದನ್ನು ಈ ಸಾಫ್ಟ್‌ವೇರ್‌ಗೆ ಹೇಳುವುದು ಸುಲಭವೋ ಕಷ್ಟವೋ?

ಟೈ ಅಂದರೆ ಏನು ಎಂದು ಕರ್ನಾಟಕ ಸಂಗೀತ ಕಲಿತವರಿಗೆ ಹೇಳುವುದು ಬಹಳ ಸುಲಭ. ನಮ್ಮ ಪುಸ್ತಕಗಳಲ್ಲಿ ಹ್ರಸ್ವ ಸ ಒಂದು ಅಕ್ಷರ ಕಾಲ, ದೀರ್ಘ ಸಾ ಎರಡು. ಇನ್ನೂ ಎಳೆಯಬೇಕಾದರೆ ಮುಂದೆ ಅಲ್ಪವಿರಾಮ ಹಾಕುತ್ತೇವೆ, ಒಂದಕ್ಕೆ ಒಂದು ಅಕ್ಷರ. ಅರ್ಧವಿರಾಮ ಹಾಕಿದರೆ ಎರಡು. ಈಗ ತಾಳದ ಗೆರೆ ಬಂತು, ಸ್ವರ ಇನ್ನೂ ಮುಗಿದಿಲ್ಲ ಎಂದಿಟ್ಟುಕೊಳ್ಳಿ. ಗೆರೆಯ ಆಚೆಗೂ ಅಲ್ಪವಿರಾಮ ಹಾಕಿಬಿಟ್ಟರೆ ಆಯಿತು, ಅಲ್ವಾ? ಪಾಶ್ಚಾತ್ಯ ಸ್ಟಾಫ್ ನೊಟೇಶನ್‌ನಲ್ಲಿ ಅಲ್ಪವಿರಾಮದಂಥದ್ದು ಇಲ್ಲ. ಪ್ರತಿ ಸ್ವರಕ್ಕೂ ಅದರ ಉದ್ದ ಅದರ ಆಕಾರದಲ್ಲೇ ಇರುತ್ತದೆ. ಗೆರೆ ದಾಟಬೇಕಾದರೆ ಆಚೆ ಇನ್ನೊಂದು ಸ್ವರ ಬರೆದು ಎರಡನ್ನೂ ಬಾಗಿದ ಗೆರೆಯಿಂದ ಕಟ್ಟಬೇಕು. ಅದೇ ಟೈ. ಬರೆದದ್ದು ಎರಡು, ಕೇಳುವುದು ಒಂದು. ಸ್ಲರ್ ಹಾಗಲ್ಲ, ಅದು ಬೇರೆ ಬೇರೆ ಸ್ವರಗಳನ್ನು ಒಂದೇ ಉಸಿರಿನಲ್ಲಿ ಜಾರಿಸಿ ಹಾಡಿ ಎಂದು ಹೇಳುವ ಗುರುತು.

ಈಗ ಕೀಲಿಗಳ ವಿಷಯಕ್ಕೆ ಬರುತ್ತೇನೆ. ಮ್ಯೂಸ್‌ಸ್ಕೋರ್‌ನಲ್ಲಿ ಎನ್ ಒತ್ತಿದರೆ ಸ್ವರ ಬರೆಯುವ ಮೋಡ್ ಶುರು. ಮೊದಲು ಅಂಕಿ, ಆಮೇಲೆ ಅಕ್ಷರ. ಅಂಕಿ ಅಂದರೆ ಅವಧಿ, ಅಕ್ಷರ ಅಂದರೆ ಸ್ವರ. 5 ಒತ್ತಿದರೆ ಕ್ರಾಚೆಟ್, ಅಂದರೆ ಒಂದು ಎಣಿಕೆ. 6 ಒತ್ತಿದರೆ ಮಿನಿಮ್, ಎರಡು. 7 ಸೆಮಿಬ್ರೀವ್, ನಾಲ್ಕು. ಕೆಳಗೆ ಹೋದರೆ 4 ಕ್ವೇವರ್, ಅರ್ಧ. 3 ಅದರ ಅರ್ಧ. ಒಂದು ಮೆಟ್ಟಿಲು ಹತ್ತಿದರೆ ಎರಡು ಪಟ್ಟು, ಇಳಿದರೆ ಅರ್ಧ. ಚುಕ್ಕೆ ಕೀಲಿ ಒತ್ತಿದರೆ ಅರ್ಧದಷ್ಟು ಜಾಸ್ತಿ. ಸೊನ್ನೆ ಒತ್ತಿದರೆ ಅಷ್ಟೇ ಉದ್ದದ ಮೌನ. ಎರಡು ದಿನದಲ್ಲಿ ಬೆರಳಿಗೆ ಬಂದುಬಿಡುತ್ತದೆ. ನಮ್ಮ ಕಡೆ ಲಂಡನ್‌ನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗೆ ಓದಿದ ಮಕ್ಕಳಿಗೆ ಕ್ರಾಚೆಟ್, ಮಿನಿಮ್ ಎಂಬ ಹೆಸರೇ ಗೊತ್ತಿರುವುದು. ಅಮೆರಿಕದ ಕ್ವಾರ್ಟರ್ ನೋಟ್, ಹಾಫ್ ನೋಟ್ ಕಂಡರೆ ಅವರಿಗೆ ಗೊಂದಲ. ಅಂಥವರು ಭಾಷೆಯ ಸೆಟ್ಟಿಂಗ್‌ನಲ್ಲಿ ಬ್ರಿಟಿಷ್ ಇಂಗ್ಲಿಷ್ ಆರಿಸಿಕೊಳ್ಳಿ, ಹಳೆಯ ಹೆಸರುಗಳೇ ಬರುತ್ತವೆ.

ಬೇರೆ ಸಾಫ್ಟ್‌ವೇರ್‌ನಿಂದ ಬರುವವರಿಗೆ ಒಂದು ಮಾತು. ಕ್ರಾಚೆಟ್‌ನ ಅಂಕಿ ಎಲ್ಲ ಕಡೆ ಒಂದೇ ಅಲ್ಲ. ಸಿಬೇಲಿಯಸ್‌ನ ಕೀಪ್ಯಾಡ್‌ನಲ್ಲಿ 4, ಮ್ಯೂಸ್‌ಸ್ಕೋರ್‌ನಲ್ಲಿ 5, ಡೊರಿಕೊದಲ್ಲಿ 6. ಮೂರನ್ನೂ ಬಳಸುವವರ ಬೆರಳಿಗೆ ನಿಜಕ್ಕೂ ಕಷ್ಟ. ಫಿನಾಲೆ ಬಳಸುತ್ತಿದ್ದವರಿಗೆ ಮಾತ್ರ ಇಲ್ಲಿ ಮನೆಯ ಹಾಗೆ ಅನಿಸುತ್ತದೆ, ಅಲ್ಲೂ ಕ್ರಾಚೆಟ್ 5 ಆಗಿತ್ತು. ಫಿನಾಲೆಯ ಬೆಳವಣಿಗೆ ನಿಲ್ಲಿಸುತ್ತೇವೆ ಎಂದು 2024ರ ಆಗಸ್ಟ್‌ನಲ್ಲಿ ಅದರ ಕಂಪನಿಯೇ ಹೇಳಿದ ಮೇಲೆ ಬಹಳ ಜನ ಹೊಸ ಮನೆ ಹುಡುಕಿದರು.

ಇನ್ನು ಟೈ. ಮ್ಯೂಸ್‌ಸ್ಕೋರ್ ಇದನ್ನು ಎರಡು ಥರ ಮಾಡುತ್ತದೆ, ಎರಡೂ ನನಗೆ ಇಷ್ಟ. ಮೊದಲನೆಯದು ತಾನಾಗಿ ಆಗುವುದು. ನಾಲ್ಕು ಎಣಿಕೆಯ ಬಾರ್, ಎರಡು ಕ್ರಾಚೆಟ್ ಆಗಲೇ ಬರೆದಾಗಿದೆ, ಉಳಿದದ್ದು ಎರಡೇ ಎಣಿಕೆ. ಈಗ 7 ಒತ್ತಿ ಸಿ ಒತ್ತಿದರೆ ನಾಲ್ಕು ಎಣಿಕೆಯ ಸ್ವರ ಆ ಜಾಗದಲ್ಲಿ ಹಿಡಿಯುವುದಿಲ್ಲ. ಜಾಗ ಇಲ್ಲ ಎಂದು ಸಾಫ್ಟ್‌ವೇರ್ ತಡೆಯುವುದಿಲ್ಲ. ಅದೇ ಎರಡಾಗಿ ಒಡೆದು, ಈ ಬಾರ್‌ನಲ್ಲಿ ಒಂದು ಮಿನಿಮ್, ಮುಂದಿನ ಬಾರ್‌ನಲ್ಲಿ ಒಂದು ಮಿನಿಮ್ ಇಟ್ಟು ನಡುವೆ ಟೈ ಕಟ್ಟುತ್ತದೆ. ನೀವು ಎಷ್ಟು ಹೊತ್ತು ಎಂದು ಹೇಳಿದರೆ ಸಾಕು, ಗೆರೆ ಎಲ್ಲಿದೆ ಎಂದು ನೋಡಿಕೊಳ್ಳುವ ಕೆಲಸ ಅದರದ್ದು.

ಎರಡನೆಯದು ಟಿ ಕೀಲಿ. ಐದು ಎಣಿಕೆಯ ಸ್ವರ ಬೇಕು ಅಂದುಕೊಳ್ಳಿ. ಐದಕ್ಕೆ ಒಂದೇ ಆಕಾರದ ಸ್ವರ ಇಲ್ಲವೇ ಇಲ್ಲ. ಎರಡೂವರೆಗೂ ಇಲ್ಲ. ಆಗ ಮೊದಲು 7, ಸಿ. ಆಮೇಲೆ 5 ಒತ್ತಿ ಟಿ ಒತ್ತಿ. ಅಕ್ಷರ ಒತ್ತುವುದೇ ಬೇಡ. ಈಗ ಬರೆದ ಸ್ವರವನ್ನೇ ತೆಗೆದುಕೊಂಡು, ಈಗ ಆರಿಸಿರುವ ಅವಧಿಯಷ್ಟು ಅದನ್ನು ಮುಂದಕ್ಕೆ ಎಳೆಯುತ್ತದೆ. ನಮ್ಮ ಅಲ್ಪವಿರಾಮ ಹೇಗೋ ಹಾಗೇ. ಸ್ವರ ಮತ್ತೆ ಬರೆಯುವುದಿಲ್ಲ, ಇನ್ನೂ ಒಂದಿಷ್ಟು ಎಂದಷ್ಟೇ ಹೇಳುವುದು. ಇದು ತಲೆಗೆ ಹೊಕ್ಕ ದಿನ ನನ್ನ ವೇಗ ಎರಡು ಪಟ್ಟಾಯಿತು. ಗುಟ್ಟು ಇರುವುದು ಕ್ರಮದಲ್ಲಿ. ಮೊದಲು ಅಂಕಿ, ಆಮೇಲೆ ಟಿ. ಅಂಕಿ ಬದಲಿಸುವುದು ಮರೆತು ಟಿ ಒತ್ತಿದರೆ ಹಿಂದಿನ ಅವಧಿಯೇ ಮತ್ತೆ ಸೇರಿ ಐದರ ಬದಲು ಎಂಟು ಆಗಿಬಿಡುತ್ತದೆ.

ನಾನು ತಪ್ಪಿದ್ದು ಎಲ್ಲಿ ಎಂದರೆ, ಎರಡು ಸ್ವರವನ್ನೂ ಬೇರೆ ಬೇರೆಯಾಗಿ ಬರೆದು, ಆಮೇಲೆ ಬಾಗಿದ ಗೆರೆ ಬೇಕಲ್ಲ ಎಂದು ಎಸ್ ಒತ್ತಿದ್ದೆ. ಎಸ್ ಅಂದರೆ ಸ್ಲರ್. ಕಣ್ಣಿಗೆ ಬೇಕಾದದ್ದು ಸಿಕ್ಕಿತು, ಕಿವಿಗೆ ಬೇಕಾದದ್ದು ಸಿಗಲಿಲ್ಲ. ನಿಮ್ಮ ಹಳೆಯ ಫೈಲುಗಳಲ್ಲಿ ಇಂಥದ್ದು ಇದೆಯೋ ನೋಡಬೇಕಾದರೆ ಒಂದು ಸ್ಲರ್ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್‌ಗೆ ಹೋಗಿ, ಇದೇ ಥರದ್ದೆಲ್ಲ ಆರಿಸು ಎಂಬುದನ್ನು ಒತ್ತಿ. ಇಡೀ ಹಾಡಿನ ಸ್ಲರ್‌ಗಳೆಲ್ಲ ಬಣ್ಣ ಬದಲಿಸುತ್ತವೆ. ಒಂದೇ ಎತ್ತರದ ಎರಡು ಸ್ವರಗಳ ನಡುವೆ ಬಣ್ಣ ಬಂದಿದ್ದರೆ ಅಲ್ಲಿ ನಿಂತು ಪರೀಕ್ಷಿಸಿ. ನಾನು ಹಾಗೆ ಹುಡುಕಿದಾಗ ಒಂದೇ ಹಾಡಿನಲ್ಲಿ ಹನ್ನೊಂದು ಸಿಕ್ಕಿದವು.

ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಹಲವು ಸ್ವರಗಳ ಗುಂಪು, ಬರೆಯುವಾಗ ಟೈ ಸ್ವಲ್ಪ ಬೇರೆ. ಸ್ವರ ಬರೆಯುವ ಮೋಡ್‌ನಲ್ಲಿ ಟಿ ಒತ್ತಿದರೆ ಕಾರ್ಡ್‌ನ ಎಲ್ಲ ಸ್ವರಗಳೂ ಒಟ್ಟಿಗೆ ಮುಂದೆ ಎಳೆಯುತ್ತವೆ. ಮೂರರಲ್ಲಿ ಒಂದೇ ನಿಲ್ಲಬೇಕು, ಉಳಿದೆರಡು ಚಲಿಸಬೇಕು ಎಂದರೆ ಎಸ್ಕೇಪ್ ಒತ್ತಿ ಹೊರಗೆ ಬಂದು, ಎರಡನೇ ಕಾರ್ಡ್ ಮೊದಲೇ ಬರೆದುಕೊಂಡು, ಬೇಕಾದ ಒಂದೇ ಸ್ವರದ ಮೇಲೆ ಕ್ಲಿಕ್ ಮಾಡಿ ಟಿ ಒತ್ತಬೇಕು. ಆರ್ಗನ್ ನುಡಿಸುವವರಿಗೆ ಬರೆಯುವಾಗ ಇದು ಪುಟಕ್ಕೆ ಹತ್ತು ಸಲ ಬರುತ್ತದೆ. ಟೈ ಕಟ್ಟಿದ ಸ್ವರವನ್ನು ಬಾಣದ ಕೀಲಿಯಿಂದ ಮೇಲೆ ಕೆಳಗೆ ಮಾಡಿದರೆ ಸರಪಳಿ ಇಡೀ ಒಟ್ಟಿಗೆ ಚಲಿಸುತ್ತದೆ, ಒಂದು ತುಂಡು ಹಿಂದೆ ಉಳಿಯುವುದಿಲ್ಲ. ಸಣ್ಣ ವಿಷಯ, ಆದರೆ ಈ ಸಾಫ್ಟ್‌ವೇರ್ ಬರೆದವರು ಸಂಗೀತ ಗೊತ್ತಿದ್ದವರು ಅನಿಸುವುದು ಇಂಥ ಕಡೆಯೇ. ಟೈ ಮೇಲೆ ಬಾಗಬೇಕಾದದ್ದು ಕೆಳಗೆ ಬಾಗಿದ್ದರೆ ಎಕ್ಸ್ ಒತ್ತಿ, ತಿರುಗುತ್ತದೆ.

ಈಗ ಎಚ್ಚರ ಬೇಕಾದ ಕಡೆ. ಬರೆದಾದ ಮೇಲೆ ಅವಧಿ ಬದಲಿಸುವುದು.

ಒಂದು ಸ್ವರದ ಮೇಲೆ ಕ್ಲಿಕ್ ಮಾಡಿ ಬೇರೆ ಅಂಕಿ ಒತ್ತಿದರೆ ಅದರ ಉದ್ದ ಬದಲಾಗುತ್ತದೆ. ಚಿಕ್ಕದು ಮಾಡಿದರೆ ಉಳಿದ ಜಾಗದಲ್ಲಿ ಮೌನ ತುಂಬುತ್ತದೆ. ಮುಂದಿನ ಸ್ವರಗಳು ಹಿಂದಕ್ಕೆ ಸರಿಯುವುದಿಲ್ಲ. ದೊಡ್ಡದು ಮಾಡಿದರೆ ಮುಂದಿನದನ್ನು ನುಂಗುತ್ತದೆ. ಹೌದು, ನುಂಗುತ್ತದೆ, ತಳ್ಳುವುದಿಲ್ಲ. ವರ್ಡ್‌ನಲ್ಲಿ ಅಕ್ಷರ ಸೇರಿಸಿದರೆ ಉಳಿದ ಸಾಲು ಮುಂದೆ ಸರಿಯುವ ಅಭ್ಯಾಸ ನಮಗೆಲ್ಲ ಇದೆಯಲ್ಲ, ಆ ಅಭ್ಯಾಸದಲ್ಲಿ ಬಂದವರಿಗೆ ಇದು ಗಾಬರಿ ಹುಟ್ಟಿಸುತ್ತದೆ. ಕ್ರಾಚೆಟ್ ಒಂದನ್ನು ಮಿನಿಮ್ ಮಾಡಿದಿರಿ, ಪಕ್ಕದ ಕ್ರಾಚೆಟ್ ಹೋಯಿತು. ಸುಮ್ನೆ ಯೋಚಿಸಿ ನೋಡಿದರೆ ಇದೇ ಸರಿ ಅನಿಸುತ್ತದೆ. ಬಾರ್‌ನಲ್ಲಿ ನಾಲ್ಕೇ ಎಣಿಕೆ ಇರುವುದು. ಒಂದು ಸ್ವರ ತಳ್ಳಿದರೆ ಆಮೇಲಿನ ಮೂವತ್ತು ಬಾರ್‌ಗಳೂ ಒಂದೊಂದು ಎಣಿಕೆ ಸರಿದು ಹಾಡಿನ ಕೊನೆಯವರೆಗೂ ಒತ್ತುಗಳೆಲ್ಲ ತಪ್ಪಿ ಬೀಳುತ್ತವೆ, ಆಲ್ಟೊ ಒಂದು ಕಡೆ, ಸೊಪ್ರಾನೊ ಇನ್ನೊಂದು ಕಡೆ. ನಿಜವಾಗಿಯೂ ತಳ್ಳಬೇಕು ಎಂದರೆ ಅದಕ್ಕೇ ಇನ್ಸರ್ಟ್ ಎಂಬ ಬೇರೆ ಮೋಡ್ ಇದೆ. ಅದರಲ್ಲಿ ಸೇರಿಸಿದರೆ ಆ ಬಾರ್ ಮಾತ್ರ ಉದ್ದವಾಗುತ್ತದೆ, ಮೇಲೆ ಒಂದು ಪ್ಲಸ್ ಗುರುತು ಬಂದು ಇಲ್ಲಿ ಎಣಿಕೆ ಜಾಸ್ತಿ ಇದೆ ಎಂದು ತೋರಿಸುತ್ತದೆ. ನಾನು ಅದನ್ನು ವರ್ಷಕ್ಕೆ ಎರಡು ಸಲ ಬಳಸಿದರೆ ಹೆಚ್ಚು.

ಚಿಕ್ಕದು ಮಾಡಿದರೆ ಮೌನ ಬರುವುದು ಕ್ವಾಯರ್‌ನವರಿಗೆ ವರ. ಸಾಲಿನ ಕೊನೆಯಲ್ಲಿ ನಾಲ್ಕು ಎಣಿಕೆಯ ಸ್ವರ ಇರುತ್ತದೆ, ಮುಂದಿನ ಸಾಲು ತಕ್ಷಣ ಶುರು. ಉಸಿರೆಲ್ಲಿ ತೆಗೆದುಕೊಳ್ಳುವುದು? ಬರೆಯದೆ ಬಿಟ್ಟರೆ ಇಪ್ಪತ್ತು ಜನ ಇಪ್ಪತ್ತು ಕಡೆ ಉಸಿರು ತೆಗೆಯುತ್ತಾರೆ. ಸ್ವರದ ಮೇಲೆ ಕ್ಲಿಕ್ ಮಾಡಿ 6 ಒತ್ತಿ ಚುಕ್ಕೆ ಒತ್ತಿದರೆ ಮೂರು ಎಣಿಕೆಯ ಸ್ವರ, ಒಂದು ಎಣಿಕೆಯ ಮೌನ. ಎರಡೇ ಕೀಲಿ. ಎಲ್ಲರೂ ಒಂದೇ ಕಡೆ ನಿಲ್ಲಿಸುತ್ತಾರೆ, ಒಂದೇ ಕಡೆ ಉಸಿರು ತೆಗೆಯುತ್ತಾರೆ. ಕ್ಯೂ ಒತ್ತಿದರೆ ಅರ್ಧ, ಡಬ್ಲ್ಯೂ ಒತ್ತಿದರೆ ಎರಡು ಪಟ್ಟು ಎಂಬ ಸೌಲಭ್ಯವೂ ಇದೆ. ಅಂಕಿ ನೆನಪಿಲ್ಲದ ದಿನ ನಾನು ಅದರಲ್ಲೇ ಕೆಲಸ ಮಾಡುತ್ತೇನೆ.

ಹಾಡಿನ ಕೊನೆಯಲ್ಲಿ ಬೇಕಾದಷ್ಟು ಹೊತ್ತು ನಿಲ್ಲಿಸಿ ಎನ್ನುವ ಕಡೆ ಮಾತ್ರ ಟೈ ಹಾಕಿ ಉದ್ದ ಮಾಡಬೇಡಿ, ದಯವಿಟ್ಟು. ಅಲ್ಲಿಗೆ ಫರ್ಮಾಟಾ ಗುರುತು ಹಾಕಿ. ಅದನ್ನು ಕ್ಲಿಕ್ ಮಾಡಿದರೆ ಪ್ರಾಪರ್ಟೀಸ್‌ನಲ್ಲಿ ಟೈಮ್ ಸ್ಟ್ರೆಚ್ ಎಂಬುದು ಇದೆ. ಎಷ್ಟು ಪಟ್ಟು ಎಳೆಯಬೇಕು ಎಂದು ಅಲ್ಲಿ ಕೊಟ್ಟರೆ ಆಡಿಯೊದಲ್ಲಿ ಅಷ್ಟು ನಿಲ್ಲುತ್ತದೆ, ಕಾಗದದ ಮೇಲೆ ಎಣಿಕೆ ಹಾಗೇ ಉಳಿಯುತ್ತದೆ. ಎಣಿಸಿ ನಿಲ್ಲುವುದಕ್ಕೂ ಕಂಡಕ್ಟರ್ ಕೈ ನೋಡಿ ನಿಲ್ಲುವುದಕ್ಕೂ ಬಹಳ ವ್ಯತ್ಯಾಸ ಇದೆ. ಬರವಣಿಗೆಯಲ್ಲಿ ಆ ವ್ಯತ್ಯಾಸ ಕಾಣಬೇಕು.

ಇನ್ನು ನನಗೆ ಕೊರತೆ ಅನಿಸುವ ಒಂದು ಜಾಗ. ಬಾರ್ ಗೆರೆ ದಾಟುವಾಗ ತಾನಾಗಿ ಒಡೆದು ಟೈ ಕಟ್ಟುವ ಮ್ಯೂಸ್‌ಸ್ಕೋರ್, ಬಾರ್‌ನ ಒಳಗೆ ನಾವು ಹೇಳಿದ್ದನ್ನು ಹಾಗೇ ಬರೆಯುತ್ತದೆ. ನಾಲ್ಕು ಎಣಿಕೆಯ ಬಾರ್‌ನಲ್ಲಿ ಮೂರನೇ ಎಣಿಕೆ ಎಲ್ಲಿದೆ ಎಂದು ಓದುವವನಿಗೆ ಕಾಣುತ್ತಿರಬೇಕು ಎಂಬುದು ಹಳೆಯ ಪದ್ಧತಿ. ಎರಡನೇ ಎಣಿಕೆಯ ಅರ್ಧದಲ್ಲಿ ಶುರುವಾಗಿ ಮೂರನೆಯದರ ಅರ್ಧದವರೆಗೆ ಹೋಗುವ ಸ್ವರ ಇದ್ದರೆ, ಅದನ್ನು ಒಂದು ಕ್ರಾಚೆಟ್ ಆಗಿ ಬರೆಯುವ ಬದಲು ಎರಡು ಕ್ವೇವರ್ ಮಾಡಿ ನಡುವೆ ಟೈ ಹಾಕಿದರೆ ಓದುವುದು ಸುಲಭ. ಲಯ ಎತ್ತಿ ಎತ್ತಿ ಬರುವ ಹಾಡುಗಳಲ್ಲಿ ಇದು ಸಾಲು ಸಾಲಾಗಿ ಬರುತ್ತದೆ. ಮ್ಯೂಸ್‌ಸ್ಕೋರ್‌ನಲ್ಲಿ ನೀವು 5 ಒತ್ತಿದರೆ ಕ್ರಾಚೆಟ್ಟೇ ಬರುತ್ತದೆ. ಒಡೆಯಬೇಕಾದವರು ನೀವು: 4, ಸ್ವರ, ಟಿ. ಟೂಲ್ಸ್ ಮೆನುವಿನಲ್ಲಿ ರೀಗ್ರೂಪ್ ರಿದಮ್ಸ್ ಎಂಬುದು ಇದೆ, ಆರಿಸಿದ ಜಾಗವನ್ನು ಎಣಿಕೆಗೆ ತಕ್ಕ ಹಾಗೆ ಮತ್ತೆ ಜೋಡಿಸುತ್ತದೆ. ಬಳಸಿ, ಆದರೆ ಒಂದು ಕಾಪಿ ಇಟ್ಟುಕೊಂಡು ಬಳಸಿ, ಬಂದದ್ದನ್ನು ಬಾರ್ ಬಾರ್ ಆಗಿ ಓದಿ ನೋಡಿ.

ಡೊರಿಕೊ ಈ ವಿಷಯದಲ್ಲಿ ಬೇರೆ ಮನಸ್ಸಿನದ್ದು. 2016ರಲ್ಲಿ ಬಂದ ಸಾಫ್ಟ್‌ವೇರ್ ಅದು, ಸಿಬೇಲಿಯಸ್ ಕಟ್ಟಿದ ತಂಡವೇ ಸ್ಟೈನ್‌ಬರ್ಗ್‌ಗೆ ಹೋಗಿ ಹೊಸದಾಗಿ ಕಟ್ಟಿದ್ದು. ಅದರಲ್ಲಿ ಸ್ವರ ಎಂದರೆ ಮೊದಲು ಒಂದು ಉದ್ದ ಮಾತ್ರ. ಎಲ್ಲಿ ಶುರು, ಎಷ್ಟು ಹೊತ್ತು, ಅಷ್ಟೇ. ಅದನ್ನು ಎಷ್ಟು ತುಂಡು ಮಾಡಿ ಎಲ್ಲೆಲ್ಲಿ ಟೈ ಕಟ್ಟಬೇಕು ಎಂದು ಬಾರ್‌ನ ಎಣಿಕೆ ನೋಡಿ ಅದೇ ನಿರ್ಧರಿಸುತ್ತದೆ, ಬಾರ್ ಒಳಗೂ. ಸ್ವರವನ್ನು ಅರ್ಧ ಎಣಿಕೆ ಮುಂದೆ ಸರಿಸಿದರೆ ಟೈಗಳೆಲ್ಲ ತಾವೇ ಬದಲಾಗುತ್ತವೆ. ಮೊದಲ ಸಲ ನೋಡಿದಾಗ ನಾನು ಕೈ ಕಟ್ಟಿ ಕುಳಿತು ನೋಡಿದೆ. ನಮ್ಮ ಅಲ್ಪವಿರಾಮದ ಯೋಚನೆಗೆ ಇದು ಇನ್ನೂ ಹತ್ತಿರ. ಆದರೆ ನಾವು ಬೇಕೆಂದೇ ಬೇರೆ ಥರ ಬರೆಯಬೇಕಾದಾಗ ಅದಕ್ಕೆ ಬಲವಂತ ಮಾಡಬೇಕು, ಫೋರ್ಸ್ ಡ್ಯುರೇಷನ್ ಎಂದು, ಓ ಕೀಲಿ. ಎಸ್‌ಇ ಎಂಬ ಉಚಿತ ಆವೃತ್ತಿ ಇದೆ, ವಾದ್ಯಗಳ ಸಂಖ್ಯೆಗೆ ಮಿತಿ ಇದೆ. ಒಂಟಿ ಪಿಯಾನೊಗೆ, ಚಿಕ್ಕ ಗುಂಪಿಗೆ ಬರೆಯುವವರು ಖಂಡಿತ ನೋಡಿ. ನಾನು ಮ್ಯೂಸ್‌ಸ್ಕೋರ್‌ನಲ್ಲೇ ಉಳಿದದ್ದು ಎರಡು ಕಾರಣಕ್ಕೆ. ಮಿತಿ ಇಲ್ಲ, ದುಡ್ಡಿಲ್ಲ, ಅದೊಂದು. ಟಿ ಕೀಲಿ ಒತ್ತುವಾಗ ಪ್ರತಿ ಸಲವೂ ಎಷ್ಟು ಹೊತ್ತು ಎಂದು ನಾನೇ ಯೋಚಿಸಬೇಕಾಗುತ್ತದೆ, ಆ ಯೋಚನೆ ನನ್ನ ಕೈಯಲ್ಲೇ ಇರಲಿ ಅನಿಸುವುದು ಇನ್ನೊಂದು.

ಲಿಲಿಪಾಂಡ್ ಬಗ್ಗೆಯೂ ಕೇಳುತ್ತಾರೆ. ಅದು ಟೈಪ್ ಮಾಡಿ ಬರೆಯುವಂಥದ್ದು, ಟಿಲ್ಡ (~) ಹಾಕಿದರೆ ಟೈ. ಪ್ರೋಗ್ರಾಮಿಂಗ್ ಇಷ್ಟ ಇರುವವರಿಗೆ ಚೆಂದ. ನಮ್ಮ ಕ್ವಾಯರ್‌ನಲ್ಲಿ ನನ್ನ ಕೆಲಸ ಮುಂದೆ ಯಾರಾದರೂ ಹುಡುಗರು ವಹಿಸಿಕೊಳ್ಳಬೇಕು, ಅವರಿಗೆ ಅದು ಕಷ್ಟ.

ಸ್ವರಗಳ ಕೆಳಗೆ ಹಾಡಿನ ಕನ್ನಡ ಸಾಹಿತ್ಯ ಹಾಕುವ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಜೊತೆ ಜರ್ಮನ್ ರಾಗಗಳೂ ಬಂದವು. ಆ ರಾಗಗಳಿಗೆ ಕನ್ನಡ ಪದ ಕೂಡಿಸಿ ಹಾಡುವ ಪದ್ಧತಿ ಈಗಲೂ ಇಲ್ಲಿದೆ. ಹಾಗಾಗಿ ಸ್ಟಾಫ್ ನೊಟೇಶನ್ ಕೆಳಗೆ ಕನ್ನಡ ಅಕ್ಷರ ಎಂಬುದು ನಮಗೆ ಹೊಸದಲ್ಲ. ಕಂಪ್ಯೂಟರ್‌ಗೆ ಮಾತ್ರ ಹೇಳಿಕೊಡಬೇಕು. ಸ್ಟೈಲ್‌ಗೆ ಹೋಗಿ ಟೆಕ್ಸ್ಟ್ ಸ್ಟೈಲ್ಸ್‌ನಲ್ಲಿ ಲಿರಿಕ್ಸ್‌ನ ಫಾಂಟ್ ಬದಲಿಸಿ, ನೋಟೊ ಸೆರಿಫ್ ಕನ್ನಡದಂಥ ಯೂನಿಕೋಡ್ ಫಾಂಟ್ ಇಡಿ. ಅಲ್ಲಿ ಬೆಸ ಸಾಲಿಗೊಂದು, ಸಮ ಸಾಲಿಗೊಂದು ಎಂದು ಎರಡು ಸ್ಟೈಲ್ ಇವೆ. ಎರಡನ್ನೂ ಬದಲಿಸಬೇಕು. ಇಲ್ಲದಿದ್ದರೆ ಮೊದಲನೇ ಚರಣ ಒಂದು ಅಕ್ಷರದಲ್ಲಿ, ಎರಡನೇ ಚರಣ ಇನ್ನೊಂದರಲ್ಲಿ ಬರುತ್ತದೆ.

ಸ್ವರ ಆರಿಸಿ ಕಂಟ್ರೋಲ್ ಎಲ್ ಒತ್ತಿದರೆ ಸಾಹಿತ್ಯ ಶುರು. ಪದ ಮುಗಿದರೆ ಸ್ಪೇಸ್, ಪದದ ನಡುವೆ ಹೈಫನ್. ಪದದ ಕೊನೆಯ ಅಕ್ಷರ ಎಳೆಯಬೇಕಾದರೆ ಅಂಡರ್‌ಸ್ಕೋರ್, ಒತ್ತಿದಷ್ಟೂ ಮುಂದಿನ ಸ್ವರದ ಕೆಳಗೆ ಗೆರೆ ಹೋಗುತ್ತದೆ. ಟೈ ಕಟ್ಟಿದ ಎರಡನೇ ಸ್ವರದ ಕೆಳಗೆ ಹೊಸ ಅಕ್ಷರ ಯಾವತ್ತೂ ಬರಬಾರದು, ಅದು ಹೊಸ ಸ್ವರವೇ ಅಲ್ಲವಲ್ಲ. ಇಲ್ಲಿ ಕನ್ನಡದ್ದೇ ಒಂದು ಕಷ್ಟ ಇದೆ. ಕರ್ತ ಎಂಬ ಪದ ತೆಗೆದುಕೊಳ್ಳಿ. ಹಾಡುವಾಗ ನಾವು ಕರ್, ತ ಎಂದು ಒಡೆಯುತ್ತೇವೆ. ಬರೆಯುವಾಗ ಅರ್ಕಾವತ್ತು ತ ಜೊತೆ ಇರುತ್ತದೆ, ಹಾಗಾಗಿ ಮೊದಲ ಸ್ವರದ ಕೆಳಗೆ ಬರೀ ಕ, ಆಮೇಲೆ ಹೈಫನ್, ಎರಡನೆಯದರ ಕೆಳಗೆ ರ್ತ. ಮೊದಲ ಸ್ವರ ಟೈ ಕಟ್ಟಿ ನಾಲ್ಕು ಎಣಿಕೆ ಎಳೆದಿದ್ದರೆ ಹಾಡುವವರು ಆ ಇಡೀ ನಾಲ್ಕು ಎಣಿಕೆ ಅ ಎಂದೇ ಬಾಯಿ ತೆರೆದಿರಬೇಕು, ರ ಬರುವುದು ಕಟ್ಟಕಡೆಗೆ. ನಮ್ಮ ಲಿಪಿ ಇಲ್ಲಿ ಹಾಡುವವರಿಗೆ ಸಹಾಯವನ್ನೇ ಮಾಡುತ್ತದೆ, ಯಾಕೆಂದರೆ ಮೊದಲ ಸ್ವರದ ಕೆಳಗೆ ರ ಕಾಣುವುದೇ ಇಲ್ಲ.

ಆನಂದ ಎಂಬ ಪದದಲ್ಲಿ ಉಲ್ಟಾ. ಆ, ನಂ, ದ. ಸೊನ್ನೆ ನ ಜೊತೆಗೇ ಇದೆ. ನಂ ಎಂಬುದು ಐದು ಎಣಿಕೆಯ ಟೈ ಮೇಲೆ ಬಂದರೆ ಹೊಸಬರು ಸೊನ್ನೆ ನೋಡಿದ ಕೂಡಲೇ ಬಾಯಿ ಮುಚ್ಚಿ ಮೂಗಿನಲ್ಲಿ ಎಳೆಯಲು ಶುರು ಮಾಡುತ್ತಾರೆ. ಇಪ್ಪತ್ತು ಜನರ ದನಿ ಒಮ್ಮೆಲೇ ಅಡಗಿ ಹೋಗುತ್ತದೆ. ಅದಕ್ಕೆ ನಾನು ಅಂಥ ಕಡೆ ಮೊದಲ ಸ್ವರದ ಕೆಳಗೆ ನ ಬರೆದು ಹೈಫನ್ ಹಾಕಿ, ಟೈನ ಕೊನೆಯ ಸ್ವರದ ಕೆಳಗೆ ಆವರಣದಲ್ಲಿ ಒಂದು ಸಣ್ಣ ನ್ ಬರೆಯುತ್ತೇನೆ. ಈಗ ಹೇಳಿದ ನಿಯಮವನ್ನೇ ಮುರಿದಂತಾಯಿತು, ಗೊತ್ತು. ಆದರೆ ಅದು ಹೊಸ ಅಕ್ಷರ ಅಲ್ಲ, ಬಾಯಿ ಎಲ್ಲಿ ಮುಚ್ಚಬೇಕು ಎಂಬ ಸೂಚನೆ. ವ್ಯಾಕರಣ ಕಲಿಸುವವರು ಒಪ್ಪದೇ ಇರಬಹುದು. ಹಾಡು ಕೇಳಿದರೆ ಒಪ್ಪುತ್ತಾರೆ.

ಒಂದೆರಡು ಕೆಲಸದ ಮಾತು. ಪ್ರಾಕ್ಟೀಸ್ ಆಡಿಯೊ ಮಾಡುವವರು ನಾಲ್ಕು ದನಿಗೂ ನಾಲ್ಕು ಬೇರೆ ಸಾಲಿನಲ್ಲೇ ಬರೆಯಿರಿ. ಸೊಪ್ರಾನೊ, ಆಲ್ಟೊ ಎರಡನ್ನೂ ಒಂದೇ ಸಾಲಿನಲ್ಲಿ ವಾಯ್ಸ್ 1, ವಾಯ್ಸ್ 2 ಎಂದು ಬರೆದರೆ ಕಾಗದ ಉಳಿಯುತ್ತದೆ, ಆದರೆ ಮಿಕ್ಸರ್‌ನಲ್ಲಿ ಆಲ್ಟೊ ಒಂದನ್ನೇ ಜೋರು ಮಾಡಲು ಆಗುವುದಿಲ್ಲ. ನಾಲ್ಕೂ ದನಿ ಒಂದೇ ಲಯದಲ್ಲಿ ನಡೆಯುವ ಹಾಡಾದರೆ ಸೊಪ್ರಾನೊ ಪೂರ್ತಿ ಬರೆದು ಆಲ್ಟೊ ಸಾಲಿಗೆ ಕಾಪಿ ಮಾಡಿ, ಆಮೇಲೆ ರೀಪಿಚ್ ಮೋಡ್‌ನಲ್ಲಿ ಸ್ವರ ಮಾತ್ರ ಬದಲಿಸುತ್ತಾ ಹೋಗಿ. ಅವಧಿ ಹಾಗೇ ಉಳಿಯುತ್ತದೆ, ಅರ್ಧ ಸಮಯ ಉಳಿಯುತ್ತದೆ. ಟೈ ಇರುವ ಜಾಗಗಳನ್ನು ಮಾತ್ರ ಕೊನೆಯಲ್ಲಿ ಒಮ್ಮೆ ನೋಡಿಕೊಳ್ಳುವುದು ನನ್ನ ಅಭ್ಯಾಸ. ಇನ್ನು, ಡೌನ್‌ಲೋಡ್ ಮಾಡುವಾಗ ಗೊಂದಲ ಬೇಡ. ಮ್ಯೂಸ್‌ಸ್ಕೋರ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ, ಅದರ ಕೋಡ್ ಕೂಡ ಮುಕ್ತ. ಅದೇ ಹೆಸರಿನ ನೊಟೇಶನ್ ಹಂಚುವ ಜಾಲತಾಣ ಬೇರೆ, ಅಲ್ಲಿ ಚಂದಾ ಕೇಳುತ್ತಾರೆ. ಬರೆಯಲು ಆ ಚಂದಾ ಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2022ರ ಕೊನೆಗೆ ಬಂದ 4ನೇ ಆವೃತ್ತಿಯಿಂದ ಮ್ಯೂಸ್ ಸೌಂಡ್ಸ್ ಎಂಬ ಸದ್ದುಗಳೂ ಉಚಿತವಾಗಿ ಸಿಗುತ್ತವೆ, ಅದರಲ್ಲಿ ಕ್ವಾಯರ್ ದನಿಯೂ ಇದೆ. ಕೇಳಲು ಸೊಗಸು. ಆದರೆ ಟೈ ಸರಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸಲು ಪಿಯಾನೊ ಸದ್ದೇ ಇಡಿ. ಪಿಯಾನೊದಲ್ಲಿ ಎರಡನೇ ಸಲ ತಟ್ಟಿದರೆ ಕಿವಿಗೆ ಟಕ್ ಎಂದು ಗೊತ್ತಾಗುತ್ತದೆ, ಕ್ವಾಯರ್ ದನಿಯಲ್ಲಿ ಅದು ಮೆತ್ತಗೆ ಮುಚ್ಚಿಹೋಗುತ್ತದೆ.

ಹೊಸದಾಗಿ ಹಾಕಿಕೊಂಡವರು ಮೊದಲ ದಿನ ಇಷ್ಟು ಮಾಡಿ ನೋಡಿ. ನಾಲ್ಕು ಎಣಿಕೆಯ ಖಾಲಿ ಹಾಳೆ. ಎನ್ ಒತ್ತಿ. 5, ಜಿ, ಎ. ಆಮೇಲೆ 7, ಸಿ. ಆಮೇಲೆ 5, ಟಿ. ಎಸ್ಕೇಪ್ ಒತ್ತಿ, ಮೊದಲ ಸ್ವರದ ಮೇಲೆ ಕ್ಲಿಕ್ ಮಾಡಿ ಸ್ಪೇಸ್ ಒತ್ತಿ. ಕಣ್ಣು ಮುಚ್ಚಿ ಕೇಳಿ. ತಟ್ಟುವ ಸದ್ದು ಮೂರೇ ಸಲ ಬರಬೇಕು. ಮೂರನೆಯದು ಗೆರೆ ದಾಟಿ ಐದು ಎಣಿಕೆ ನಿಲ್ಲಬೇಕು. ನಾಲ್ಕನೇ ಸಲ ತಟ್ಟಿದ್ದು ಕೇಳಿದರೆ ಆ ಬಾಗಿದ ಗೆರೆಯ ಮೇಲೆ ಕ್ಲಿಕ್ ಮಾಡಿ, ಕೆಳಗಿನ ಪಟ್ಟಿಯಲ್ಲಿ ಏನು ಬರೆದಿದೆ ಓದಿ.